ಕೆಂಪು ಕಲ್ಲಿನಾಚೆಯ ಹೊಲ

ತಾಳ್ಯ,
9 ನವೆಂಬರ್ 2025

ಕೀರ್ತನಾಳ ಅಪ್ಪನಿಗೆ,

ನಿಮ್ಮ ಸುಪ್ರಿಯಾಳ ನಮಸ್ಕಾರಗಳು. ಆರೋಗ್ಯ ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ಫೋನ್ ಎತ್ತುವುದಿಲ್ಲವೆಂದು ಹಟ ಹಿಡಿದವರನ್ನು ಹೆಚ್ಚಿಗೆ ಕೇಳಿ ಪ್ರಯೋಜನವಿಲ್ಲ. ನಿಮ್ಮ ಜೊತೆ ನೆಲಬಾಂಬ್ ತೆಗೆಯುವ ಹೊಸದುರ್ಗದ ಮಾರುತಣ್ಣ ರಜೆ ಮುಗಿಸಿ ವಾಪಸ್ ಹೊರಟಿದ್ದಾರೆ, ದಾರಿಯಲ್ಲಿ ನಮ್ಮ ಮನೆಗೆ ಬಂದಿದ್ದಾರೆ. ಈ ಪತ್ರವನ್ನು ಅವರ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಎದುರಿಗೆ ನಿಂತು ಕೊಟ್ಟರೆ ಓದದೆ ಎಲ್ಲಿಗೆ ಹೋಗುತ್ತೀರಿ, ನೋಡೋಣ.

ಕೀರ್ತನಾ ಚೆನ್ನಾಗಿದ್ದಾಳೆ, ಬಾಯಿ ಮಾತ್ರ ನಿಮ್ಮಮ್ಮನದೇ. ಮಾವನಿಗೆ ಮೊಣಕಾಲು ನೋವು ಜಾಸ್ತಿಯಾಗಿದೆ. ಏಕಾಂತಪ್ಪನವರ ಮೆಕ್ಕೆಜೋಳದ ಕಟಾವು ಮುಗಿದು, ನಮ್ಮ ಕುರಿ ಈಗ ಅವರ ಹೊಲದಲ್ಲಿವೆ. ಹಿಂಡನ್ನು ಒಳಗೆ ಬಿಡುವ ಮುಂಚೆ ಮಾವ ಈಗಲೂ ಬರಿಗಾಲಲ್ಲಿ ಹೊಲವೆಲ್ಲ ಅಡ್ಡಾಡಿ, ಮುಳ್ಳು, ಗಾಜಿನ ಚೂರು, ಔಷಧಿ ಡಬ್ಬಿ ಎಲ್ಲ ಆರಿಸಿ ಹಾಕುತ್ತಾರೆ. ಈ ವಯಸ್ಸಿನಲ್ಲಿ ಯಾಕೆ ಮಾವ ಎಂದರೆ, “ಮೊದ್ಲು ನಾವು ತುಳೀಬೇಕಮ್ಮ, ಆಮ್ಯಾಕೆ ಅವು” ಅನ್ನುತ್ತಾರೆ. ಮಿಲಿಟರಿಯಿಂದ ನಿವೃತ್ತರಾದ ಮೇಲೂ ನೀವು ಪರದೇಶದ ಈ ಕೆಲಸ ಹುಡುಕಿಕೊಂಡು ಹೋದದ್ದು ಯಾಕೆಂದು ಅವರನ್ನು ನೋಡಿದಾಗ ಅರ್ಥವಾಗುತ್ತದೆ. ಅರ್ಥವಾದರೂ ಸಿಟ್ಟು ಹೋಗುವುದಿಲ್ಲ.

ಮಾರುತಣ್ಣ ಎಲ್ಲ ಹೇಳಿದರು. ಅಪಾಯದ ಗುರುತಿಗೆ ಕೆಂಪು ಬಣ್ಣ ಬಳಿದ ಕಲ್ಲುಗಳ ಸಾಲು ದಾಟಿ ಯಾರದೋ ಕುರಿಗಳು ನೆಲಬಾಂಬಿನ ಹೊಲಕ್ಕೆ ನುಗ್ಗಿದವಂತೆ. ನೀವು ಹೊಲದ ಇನ್ನೊಂದು ಬದಿಯಲ್ಲಿ ನಿಂತು, ಅವು ಹೊರಗೆ ಬರಲೆಂದು ಮಾವ ಕುರಿ ಕರೆಯುವ ಹಾಗೆಯೇ ಕೂಗಿದಿರಂತೆ. ಯಾವ ದೇಶದ ಕುರಿಯಾದರೇನು, ಕರೆದವನ ಕಡೆಗೆ ನೆಟ್ಟಗೆ ಬರುತ್ತವೆ. ಹಾಗೇ ಬಂದವು, ನೀವು ಇನ್ನೂ ಬಾಂಬ್ ಹುಡುಕಿರದ ನೆಲದ ಮೇಲೆ. ಅವುಗಳನ್ನು ಕಾಯುತ್ತಿದ್ದ ಹುಡುಗಿ ಹಿಂದೆಯೇ ಓಡಿಬಂದಳು. ಅವಳು ಉಳಿಯಲಿಲ್ಲ. “ನಾನು ಕೂಗದಿದ್ದರೆ ಅವು ನಿಂತಲ್ಲೇ ಮೇಯುತ್ತಿದ್ದವು, ಅವಳು ಕಲ್ಲಿನ ಹೊರಗೇ ಉಳಿಯುತ್ತಿದ್ದಳು” ಎಂದು ಕಂಡಕಂಡವರಿಗೆಲ್ಲ ಹೇಳುತ್ತೀರಂತೆ. ನಮ್ಮ ಕೀರ್ತನಾಳಷ್ಟೇ ವಯಸ್ಸಂತೆ ಆ ಮಗುವಿಗೆ. ಇದನ್ನು ಕೇಳಿ ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಮಾವನೂ ಕೇಳಿಸಿಕೊಂಡರು, ಎದ್ದು ಹೊಲಕ್ಕೆ ಹೋದರು.

ಮೊನ್ನೆ ಟಿವಿಯಲ್ಲಿ ಬಂತು. ನೆಲಬಾಂಬ್ ಮಾಡುವುದಿಲ್ಲ, ಇಟ್ಟುಕೊಳ್ಳುವುದಿಲ್ಲ, ಯಾರಿಗೂ ಕೊಡುವುದಿಲ್ಲ ಎಂದು ಸಹಿ ಹಾಕಿದ್ದ ಕೆಲವು ದೇಶಗಳು ಪಕ್ಕದ ದೇಶದ ಭಯಕ್ಕೆ ಈಗ ಆ ಒಪ್ಪಂದ ಬಿಡುತ್ತಿವೆಯಂತೆ. “ನಮ್ಮೋರು ಸೈನ್ ಹಾಕ್ಯಾರೇನಮ್ಮ?” ಎಂದು ಮಾವ ಕೇಳಿದರು. ಇಲ್ಲ ಮಾವ ಎಂದೆ. ನೀವು ಅಲ್ಲಿ ಮೊಣಕಾಲೂರಿ ಒಂದೊಂದೇ ತೆಗೆಯುತ್ತೀರಿ, ದೊಡ್ಡವರು ಇನ್ನೆಲ್ಲೋ ಕೂತು ಹೊಸದಾಗಿ ಹೂಳುವ ಮಾತಾಡುತ್ತಾರೆ. ಅವರನ್ನು ಬಯ್ಯಲು ನನ್ನ ಕೈಗೆ ಸಿಗುತ್ತಾರೆಯೇ? ಸಿಗುವವರು ನೀವೊಬ್ಬರೇ. ಈ ತಿಂಗಳು ನಿಮ್ಮ ಕರಾರು ಮುಗಿಯುತ್ತದೆ. ಮತ್ತೆ ಸಹಿ ಹಾಕಬೇಡಿ. ನಿಮ್ಮ ಕೈಲಾದದ್ದು ಮಾಡಿದ್ದೀರಿ, ಸಾಕು. ಇವತ್ತು ಆ ಮಗು, ನಾಳೆ ನೀವು ಎಂದು ಯೋಚಿಸಿ ಯೋಚಿಸಿ ನನಗೆ ನಿದ್ದೆ ಹತ್ತುವುದಿಲ್ಲ. ಮನೆಗೆ ಬಂದುಬಿಡಿ.

ಕೀರ್ತನಾ ಮುತ್ತು ಕಳಿಸಿದ್ದಾಳೆ, ತೆಗೆದುಕೊಳ್ಳಿ. ದೇವರು ನಿಮ್ಮ ಕಾಲ ಕೆಳಗಿನ ನೆಲ ಕಾಯಲಿ.

ನಿಮ್ಮ
ಸುಪ್ರಿಯಾ

ತಾ.ಕ.: ಮಾರುತಣ್ಣ ಬೈಕ್ ಸ್ಟಾರ್ಟ್ ಮಾಡಿ ನಿಂತಿದ್ದಾರೆ. ಈಗ ಮಾವ ಹೊಲದಿಂದ ಬಂದು, ಏನು ಬರೆದೆ ಎಂದು ಓದಿಸಿಕೊಂಡರು. “ಅವ್ನು ಕೂಗಿದ್ದು ತಪ್ಪಲ್ಲ ಅಂತ ಬರಿ ತಾಯಿ. ನಾನಿದ್ರೂ ಕೂಗ್ತಿದ್ದೆ. ಆದ್ರೆ ಆ ಹೊಲ ಹಂಗೇ ಬಿಟ್ಟು ಬರೋದು ಬ್ಯಾಡ. ಅಲ್ಲಿ ಇನ್ನೂ ಕುರಿ ಅವೆ, ಮಕ್ಳು ಅವೆ” ಎಂದವರು ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಯಿತು, ಕರಾರಿಗೆ ಮತ್ತೆ ಸಹಿ ಹಾಕಿ. ಆ ಹೊಲ ಮುಗಿಸಿಯೇ ಬನ್ನಿ. ಮೇಲೆ ಬರೆದದ್ದನ್ನು ಹೊಡೆದುಹಾಕಲು ನನಗೆ ಕೈ ಬರುತ್ತಿಲ್ಲ, ಅದೂ ಇರಲಿ.