ರಂಪಣಿ ಬಿದ್ದ ದಿನದ ತಾರೀಖು

ಬೊಬ್ರುವಾಡ, ಅಂಕೋಲಾ
೧೯ ನವೆಂಬರ್ ೨೦೨೫, ಬುಧವಾರ ಸಂಜೆ

ಪ್ರೀತಿಯ ತಂಗಿ ಚಂಪಾ,

ನಿನ್ನ ಮೊಣಕಾಲು ನೋವು ಹೇಗಿದೆ? ಖಾನಾವಳಿಯ ಒಲೆಯ ಮುಂದೆ ದಿನವಿಡೀ ನಿಲ್ಲಬೇಡ, ಒಂದು ಸ್ಟೂಲು ಹಾಕಿಕೋ ಎಂದಿದ್ದೆ. ಹಾಕಿಕೊಂಡಿಲ್ಲ ಎಂದು ಇಲ್ಲಿಂದಲೇ ನನಗೆ ಗೊತ್ತು. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆಯ ಕೆಮ್ಮು ಇಳಿದಿದೆ, ಬಾಯಿ ಮಾತ್ರ ಇಳಿದಿಲ್ಲ. ಫೋನು ಬಿಟ್ಟು ಕಾಗದ ಬರೆಯುತ್ತಿದ್ದಾನಲ್ಲ ಅಣ್ಣ ಎಂದು ಹೆದರಬೇಡ. ಫೋನು ಮಾಡಿದರೆ ನಿನ್ನ ಹಿಂದೆ ಊಟಕ್ಕೆ ಕೂತ ದೋಣಿಯವರ ಗದ್ದಲ, ನೀನು ಹಾಂ ಹಾಂ ಎಂದು ಅರ್ಧ ಕೇಳಿ ಇಟ್ಟುಬಿಡುತ್ತೀ. ಇದು ಅರ್ಧ ಕೇಳುವ ಮಾತಲ್ಲ.

ಈ ಕಾಗದದಲ್ಲಿ ಒಂದು ಕಥೆ ಇದೆ. ಅದನ್ನು ಮೊದಲು ಹೇಳಿದವಳು ಮೀನು ಮಾರುವ ನಮ್ಮ ಗಂಗಿ. ಹೇಳಿದ್ದು ಇವತ್ತೇ, ಸೂರ್ಯ ಇನ್ನೂ ನೀರಿನ ಮೇಲೆ ಒಂದು ಮಾರು ಎತ್ತರದಲ್ಲಿದ್ದಾಗ, ನಮ್ಮ ಅಂಗಳದಲ್ಲಿ. ಕೇಳಿದವರು ನಾನು ಮತ್ತು ಕಿಶನ. ಹೌದು, ಕಿಶನನೇ. ಇಪ್ಪತ್ತೇಳು ವರ್ಷದ ಹಿಂದೆ ನೀನು ಬಿಟ್ಟು ಬಂದ ಗಂಡ. ಅವನು ನಮ್ಮ ಅಂಗಳಕ್ಕೆ ಯಾಕೆ ಬಂದ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ, ಕೈಯ ಕೆಲಸ ಬಿಟ್ಟು ಕೂತು ಓದು.

ನೀನೂ ಜಟ್ಟಿಯೂ ಮದುವೆ ನೋಂದಣಿಗೆ ಹೋದಾಗ, ಹಿಂದಿನ ಮದುವೆಯ ವಿಚ್ಛೇದನದ ಆದೇಶ ತನ್ನಿ ಎಂದರಲ್ಲ, ಅದನ್ನು ಹುಡುಕಲು ನಾನು ಮೊದಲು ಹೋದದ್ದು ಇಲ್ಲೇ ಅಂಕೋಲೆಯ ಕೋರ್ಟಿಗೆ. ಆ ಕಾಲದ ಅಂಥ ಪ್ರಕರಣಗಳೆಲ್ಲ ಕಾರವಾರದಲ್ಲಿ ನಡೆದವು, ಅಲ್ಲಿ ಕೇಳಿ ಎಂದರು. ಕಾರವಾರದಲ್ಲಿ ನಂಬರು ಕೇಳಿದರು. ನಮ್ಮ ಹತ್ತಿರ ನಂಬರು ಎಲ್ಲಿದೆ? ಅಂದಿನ ವಕೀಲರು ತೀರಿಹೋಗಿ ಎಷ್ಟೋ ಮಳೆಗಾಲ ಕಳೆದಿದೆ. ವರ್ಷವಾದರೂ ಹೇಳಿ ಎಂದರೆ, ನಮ್ಮೂರಿಗೆ ರೈಲು ಬಂದ ವರ್ಷ ಎಂದೆ. ಕಿಟಕಿಯಾಚೆಗಿನ ಗುಮಾಸ್ತ ನಗಲಿಲ್ಲ, ತಾನೂ ಆ ಮೊದಲ ರೈಲು ನೋಡಲು ಅಪ್ಪನ ಹೆಗಲೇರಿ ಹೋಗಿದ್ದೆ ಎಂದ. ಕೊನೆಗೆ ಕದ್ವಾಡದ ಕಡೆಯ ವಕೀಲೆ ಮನಿಷಾ ಎಂಬ ಹುಡುಗಿ ಸಿಕ್ಕಿದಳು. ನೀನು ಕಳಿಸಿದ ಒಪ್ಪಿಗೆ ಪತ್ರ, ಆಧಾರ್ ಕಾರ್ಡಿನ ಪ್ರತಿ ಎಲ್ಲ ಜೋಡಿಸಿ, ಗಂಡ ಹೆಂಡಿರ ಹೆಸರು, ವರ್ಷ ಬರೆದು, ಸ್ಟಾಂಪು ಅಂಟಿಸಿ ನಕಲಿಗೆ ಅರ್ಜಿ ಹಾಕಿದಳು. ಹಳೆಯ ಕಡತ ಹುಡುಕಬೇಕು, ವಾರ ಕಳೆದು ಬನ್ನಿ ಎಂದರು.

ದಫ್ತರದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಬಿಡುವುದಿಲ್ಲ, ಹೊರಗೆ ನಿಂತೇ ಇಣುಕಿದೆ. ಮೇಲಿನ ಕಿಂಡಿಯಿಂದ ಬಿಸಿಲು ಓರೆಯಾಗಿ ಬಿದ್ದು, ಅದರಲ್ಲಿ ಧೂಳು ಬೆಳಗಿನ ಕಡಲ ಮಂಜಿನ ಹಾಗೆ ತೇಲುತ್ತಿತ್ತು. ಕೆಂಪು ಬಟ್ಟೆಯ ಗಂಟುಗಳು ಸೂರಿನವರೆಗೆ. ಒಬ್ಬರ ಮುಖ ಒಬ್ಬರು ನೋಡಲಾರೆವೆಂದು ಬಂದ ಗಂಡ ಹೆಂಡಿರೆಲ್ಲ ಅಲ್ಲಿ ಒಂದೇ ಗಂಟಿನಲ್ಲಿ ಅಂಟಿಕೊಂಡು ಮಲಗಿದ್ದಾರಲ್ಲ ಎನಿಸಿತು. ಮೈಮರೆತು ನಿಂತಿದ್ದೆ. ಜವಾನ ಬಂದು, ಅಜ್ಜಾ ದಾರಿ ಬಿಡಿ ಎಂದ. ನಾನು ಯಾವಾಗ ಅಜ್ಜನಾದೆನೋ, ತಿಳಿಯಲಿಲ್ಲ.

ನಿನ್ನೆ ನಕಲು ಕೈಗೆ ಬಂತು. ತಂಗೀ, ಅದು ವಿಚ್ಛೇದನದ ಆದೇಶವಲ್ಲ. ಕೊನೆಯ ತಾರೀಖಿಗೆ ಗಂಡನೂ ಬರಲಿಲ್ಲ, ಹೆಂಡತಿಯೂ ಬರಲಿಲ್ಲ, ಆದ್ದರಿಂದ ಅರ್ಜಿ ವಜಾ ಎಂದು ಬರೆದಿದೆ. ನಾನು ಮನಿಷಾಳ ಹತ್ತಿರ ಎರಡು ಸಲ ಓದಿಸಿದೆ. ಕಾನೂನಿನ ಕಣ್ಣಲ್ಲಿ ಅವರು ಇವತ್ತಿಗೂ ಗಂಡ ಹೆಂಡತಿಯೇ ಎಂದಳು. ಹೀಗಿರುವಾಗ ಜಟ್ಟಿಯ ಜೊತೆ ನಿನ್ನ ಮದುವೆ ನಡೆಯದು. ದಾರಿ ಇಲ್ಲವೆಂದಲ್ಲ. ನೀನೂ ಕಿಶನನೂ ಒಪ್ಪಿ ಹೊಸದಾಗಿ ಅರ್ಜಿ ಹಾಕಬೇಕು. ಇಷ್ಟು ವರ್ಷ ಬೇರೆ ಇದ್ದವರನ್ನು ನ್ಯಾಯಾಧೀಶರು ಮತ್ತೆ ಆರು ತಿಂಗಳು ಕಾಯಿಸದೆಯೂ ಇರಬಹುದಂತೆ. ಆದರೆ ಕಿಶನನ ಸಹಿ ಬೇಕೇ ಬೇಕು. ಅವನು ಒಲ್ಲೆನೆಂದರೆ ಎಷ್ಟು ವರ್ಷ ಎಳೆಯುತ್ತದೋ ಹೇಳಲಾಗದು.

ಹಾಗಾಗಿ ಅಲ್ಲಿಂದ ನೇರ ಬಿಣಗಾಕ್ಕೆ ಹೋದೆ. ಹೆದ್ದಾರಿಯ ಪಕ್ಕದ ಅದೇ ಕಾರ್ಮಿಕರ ಸಾಲುಮನೆ. ತನ್ನ ಅಣ್ಣ ದೋಣಿಯೊಂದಿಗೆ ಮುಳುಗಿದ ಮೇಲೆ ಕಿಶನ ಕಡಲಿಗೆ ಬೆನ್ನು ಹಾಕಿ ಅಲ್ಲಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದು, ಆ ಒಂದು ಕೋಣೆಯಲ್ಲಿ ಮಾತಿಲ್ಲದ ಗಂಡನ ಜೊತೆ ನೀನು ಬೇಯಲಾರದೆ ಎದ್ದು ಬಂದದ್ದು, ಎಲ್ಲ ನಿನಗೆ ಗೊತ್ತಿರುವುದೇ. ಅವನು ಒಬ್ಬನೇ ಇದ್ದಾನೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ನಾನು ಹೇಳಿದ್ದನ್ನು ಕೇಳಿ ಒಲೆಯ ಬೆಂಕಿ ತಗ್ಗಿಸಿದ. ಆಮೇಲೆ, “ಹಂಗಾರೆ ಚಂಪಾ ಇನ್ನೂ ನನ್ನ ಹೆಂಡ್ತಿ ಅಲ್ದಾ ಭಾವಾ?” ಎಂದ. ಆ ದನಿಯಲ್ಲಿ ಇದ್ದದ್ದು ಸಂತೋಷ. ನನಗೆ ಹೆದರಿಕೆಯಾಯಿತು. ನಾಳೆ ಬಂದು ಹೇಳ್ತೆ ಎಂದು ಕಳಿಸಿದ.

ಇವತ್ತು ಬಂದ. ನಿನ್ನ ಅತ್ತಿಗೆ ಕೊಟ್ಟ ಚಹಾ ಮುಟ್ಟಲಿಲ್ಲ. ಸಹಿ ಹಾಕುವುದಿಲ್ಲ ಎಂದ. “ಕೋರ್ಟೇ ಬಿಡಿಸ್ಲಿಲ್ಲ. ನಾ ಎಂತಕೆ ಬಿಡಸಲಿ?” ಇದು ದೇವರ ಮನಸ್ಸು, ಅವಳು ವಾಪಸು ಬರಲಿ, ನಾನು ಬಾಡಿಗೆಗೆ ಒಳ್ಳೆಯ ಮನೆ ನೋಡುತ್ತೇನೆ ಎಂದೆಲ್ಲ ಹೇಳಿದ. ಅಂದು ತಾರೀಖಿಗೆ ನೀ ಯಾಕೆ ಹೋಗಲಿಲ್ಲ ಎಂದಷ್ಟೇ ಕೇಳಿದೆ. ಚಂಪಾ ಹೋಗುತ್ತಾಳೆ, ಮನೆಯಿಂದ ಒಬ್ಬರು ಹೋದರೆ ಸಾಕು ಎಂದುಕೊಂಡೆ ಎಂದ. ನೀನೂ ಹಾಗೆಯೇ ಎಂದುಕೊಂಡೆ ಅಲ್ಲವೇ? ನಮ್ಮ ಜನವೇ ಹೀಗೆ. ಮನೆಗೊಬ್ಬರು ಹಗ್ಗ ಹಿಡಿದರೆ ಇಡೀ ಮನೆಗೆ ಮೀನಿನ ಪಾಲು ಬರುತ್ತದೆ. ಕೋರ್ಟೂ ಹಾಗೇ ಎಂದು ತಿಳಿದಿರಿ. ಬಿಡಿಸಿಕೊಳ್ಳಲು ಹೊರಟವರು, ಆದರೂ ಒಂದೇ ಮನೆಯೆಂಬ ಲೆಕ್ಕದಲ್ಲಿ.

ಗಂಗಿ ಅಲ್ಲಿಯೇ ಮೆಟ್ಟಿಲ ಮೇಲೆ ಕೂತು ಉಳಿದ ಬಂಗಡೆ ಹೆಚ್ಚುತ್ತಿದ್ದಳು. ಯಾವ ತಾರೀಖು ತಮಾ ಎಂದು ಕೇಳಿದಳು. ರೈಲು ಬಂದ ವರ್ಷದ ದಸರೆ ರಜೆ ಮುಗಿದು ಕೋರ್ಟು ತೆರೆದ ಸೋಮವಾರ ಎಂದೆ. ಕತ್ತಿ ಕೆಳಗಿಟ್ಟಳು. ಅಂದು ಕಾರವಾರದ ದಡದಲ್ಲಿ ರಂಪಣಿ ಬಲೆ ಬಿದ್ದಿತ್ತು ಎಂದಳು. ಹಬ್ಬಕ್ಕೆ ತೆಗೆದ ಹೊಸ ಸೀರೆ ಅವತ್ತೇ ಮೀನಿನ ಪೊರೆ ಹತ್ತಿ ಹಾಳಾಯಿತಂತೆ, ಅದರಿಂದ ನೆನಪು. ಅವಳ ಕಥೆಯನ್ನು ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ.

ಯಂತ್ರದ ದೋಣಿಗಳು ಬಂದ ಮೇಲೆ ದಡದಿಂದ ಎಳೆಯುವ ಆ ದೊಡ್ಡ ಬಲೆ ಅಪರೂಪವಾಗಿತ್ತು. ಅಂದು ಬೆಳಿಗ್ಗೆ ನೀರು ಎಣ್ಣೆಯ ಹಾಗೆ ತೆಪ್ಪಗಿತ್ತು. ದೂರದಲ್ಲಿ ಬಂಗಡೆಯ ಹಿಂಡು ಬಂದು ನೀರೆಲ್ಲ ಕಪ್ಪಿಟ್ಟಿತು. ಕೂಗು ಎದ್ದಿತು. ಅಂಗಡಿಯವರು, ಬಸ್ಸಿಗೆ ನಿಂತವರು, ಎಲ್ಲ ಓಡಿದರು. ಬಲೆಗೆ ಎರಡು ಹಗ್ಗ, ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ, ನಡುವೆ ಕೂಗಿದರೂ ಕೇಳದಷ್ಟು ಮರಳು. ಉತ್ತರದ ಹಗ್ಗದಲ್ಲಿ ಗಂಗಿ ನಿನ್ನನ್ನು ಕಂಡಳು. ಒಳ್ಳೆಯ ಸೀರೆ ಉಟ್ಟು, ನೆರಿಗೆ ಎತ್ತಿ ಸಿಕ್ಕಿಸಿ, ಯಾರಿಗೂ ಮುಖ ಕೊಡದೆ ಎಳೆಯುತ್ತಿದ್ದೆಯಂತೆ. ದಕ್ಷಿಣದ ಹಗ್ಗದಲ್ಲಿ ಕಿಶನ. ವರ್ಷಗಳಿಂದ ನೀರು ಮುಟ್ಟದವನು ಮೊಣಕಾಲು ನೀರಿನಲ್ಲಿ ನಿಂತಿದ್ದ. ಬಲೆ ದಡಕ್ಕೆ ಬಂದ ಹಾಗೆ ಎರಡು ಹಗ್ಗವೂ ಹತ್ತಿರ ಹತ್ತಿರ ಸರಿಯುತ್ತವಲ್ಲ, ನೀವೂ ಸರಿದಿರಿ. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಕೊನೆಗೆ ನಡುವೆ ಉಳಿದದ್ದು ಪುಟಿಯುವ ಮೀನಿನ ರಾಶಿ ಒಂದೇ, ಬೆಳ್ಳಿ ಸುರಿದ ಹಾಗೆ. ಕೈ ಚಾಚಿದರೆ ತಾಗುವ ಅಂತರ. ಒಬ್ಬರಾದರೂ ನೋಡುತ್ತಾರೆಂದು ಗಂಗಿ ಬುಟ್ಟಿ ಹಿಡಿದು ಕಾದಳು. ನೀವು ಇಬ್ಬರೂ ಮೀನನ್ನೇ ನೋಡಿದಿರಿ. ಪಾಲು ತೆಗೆದುಕೊಂಡು ನೀನು ಒಂದು ದಿಕ್ಕಿಗೆ, ಅವನು ಒಂದು ದಿಕ್ಕಿಗೆ.

ಅಂದು ಸಂಜೆ ನೀನು ಒದ್ದೆ ಸೀರೆಯಲ್ಲಿ ಬಂದದ್ದು ನನಗೆ ಈಗ ನೆನಪಾಗುತ್ತಿದೆ. ಮುಗಿಯಿತಾ ಎಂದು ಕೇಳಿದ್ದೆ, ನೀನು ತಲೆಯಾಡಿಸಿದ್ದೆ. ಕೋರ್ಟಿಗೆಂದು ಕಾರವಾರದ ತನಕ ಹೋಗಿ ಯಾಕೆ ತಿರುಗಿದೆ ಎಂದು ನಾನು ಕೇಳುವುದಿಲ್ಲ. ಮದುವೆ ಮುರಿಯಿತೆಂಬ ಮಾತನ್ನು ಕಿವಿಯಾರೆ ಕೇಳುವುದು ನಿಮ್ಮಿಬ್ಬರಿಗೂ ಬೇಡವಾಗಿತ್ತು.

ಕಿಶನ ಕಣ್ಣು ಒರೆಸಿಕೊಂಡು, ನೋಡು ಭಾವಾ, ಅವಳಿಗೂ ಮನಸ್ಸಿರಲಿಲ್ಲ ಎಂದ. ಆಗ ಗಂಗಿ ಹೇಳಿದ ಮಾತು ಹೀಗೆ: “ಇತ್ತೋ ಇಲ್ವೋ, ಅವತ್ತು ಕತ್ತೆತ್ತಿದ್ರೆ ಕಾಣ್ತಿತ್ತು. ಈಗ ಅವ್ಳು ಬೇರೆ ಕಡೆ ನೋಡ್ತಾಳೆ. ನೀ ಅಡ್ಡ ನಿಂತ್ರೆ ಎಂತಾ ಕಾಣ್ತದೆ ಕಿಶನಾ?” ಅವನು ಚಪ್ಪಲಿ ಮೆಟ್ಟಿ, ಹೋಗಿ ಬರುತ್ತೇನೆಂದೂ ಹೇಳದೆ ಬಸ್ಸಿನ ಕಡೆ ನಡೆದುಬಿಟ್ಟ.

ಆದದ್ದು ಇಷ್ಟು. ಸುಳ್ಳು ಧೈರ್ಯ ಹೇಳಲಾರೆ. ನಾಳೆ ಮನಿಷಾಳ ಹತ್ತಿರ ಹೋಗಿ, ಅವನು ಒಪ್ಪದಿದ್ದರೆ ಮುಂದೇನು ಎಂದು ಕೇಳುತ್ತೇನೆ. ಜಟ್ಟಿಗೆ ಎಲ್ಲ ತಿಳಿಸು, ಮುಚ್ಚಿಡಬೇಡ. ದೋಣಿಯ ಎಂಜಿನು ಬಿಚ್ಚಿ ಜೋಡಿಸುವವನಿಗೆ ತಾಳ್ಮೆ ಇದ್ದೇ ಇರುತ್ತದೆ. ಅವನಿಗೆ ನನ್ನ ನಮಸ್ಕಾರ. ನಿನಗೆ ಅತ್ತಿಗೆಯ ಮತ್ತು ನನ್ನ ಆಶೀರ್ವಾದ. ನಮ್ಮ ಮನೆದೇವರು ನಿನ್ನ ಕೈ ಬಿಡದಿರಲಿ.

ಇಂತಿ ನಿನ್ನ ಅಣ್ಣ,
ಪುಂಡಲೀಕ

ತಾ.ಕ.: ಗುರುವಾರ, ಕಾರವಾರದ ಅಂಚೆ ಕಚೇರಿಯಲ್ಲಿ ನಿಂತು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದೆ. ಮೀನಿನ ಬುಟ್ಟಿ ಮನೆಯಲ್ಲೇ ಬಿಟ್ಟು ಗಂಗಿಯೂ ಹೊರಟಳು, ಸಾಕ್ಷಿ ಹೇಳುತ್ತಾಳಂತೆ, ಯಾರೂ ಕೇಳದಿದ್ದರೂ. ಮನಿಷಾಳ ಕಚೇರಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಮೆಟ್ಟಿಲ ಮೇಲೆ ಕಿಶನ ಕೂತಿದ್ದ, ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿ. ಜಟ್ಟಿ ಎಂಥ ಮನುಷ್ಯ ಎಂದು ಒಂದೇ ಪ್ರಶ್ನೆ ಕೇಳಿದ. ಒಳ್ಳೆಯವನು ಎಂದೆ. ಒಳಗೆ ಹೋಗಿ ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದ. ಇನ್ನು ನಿನ್ನ ಸಹಿ ಬೇಕು, ಸೋಮವಾರದ ಒಳಗೆ ರೈಲು ಹತ್ತಿ ಬಾ. ಆಮೇಲೆ ಕೋರ್ಟು ಕೊಡುವ ತಾರೀಖಿಗೂ ನೀನೇ ಬರಬೇಕು. ಅದನ್ನು ಒತ್ತಿ ಬರೆ ಎಂದು ಕಿಶನ ನನ್ನ ಪಕ್ಕದಲ್ಲೇ ನಿಂತು ಹೇಳುತ್ತಿದ್ದಾನೆ: “ಈ ಸಲ ನಾ ಬತ್ತೆ ಅಂತ ಬರಿ ಭಾವಾ. ಅವ್ಳು ಹೆದರೂದು ಬೇಡ.”