ಬಾಗಿಲಜ್ಜಿಯ ಕೋರಿಕೆ

ನಮ್ಮ ಆನ್‌ಲೈನ್ ಆಟದ ತಂಡದ ನಾಯಕರಿಗೆ ನಮಸ್ಕಾರ.

ಇದನ್ನು ಮೈಕಿನಲ್ಲೇ ಹೇಳಬಹುದಿತ್ತು. ಆದರೆ ಪಕ್ಕದ ಮಂಚದಲ್ಲಿರುವ ಯಜಮಾನರಿಗೆ ಕೇಳಿಸುತ್ತದೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಅವರು ಹಾಸಿಗೆ ಹಿಡಿದು ಎರಡು ವರ್ಷವಾಯಿತು. ನಿಮಗ್ಯಾರಿಗೂ ಹೇಳಿರಲಿಲ್ಲ.

ಭಾನುವಾರ ಮಧ್ಯಾಹ್ನ "ಅಜ್ಜಿ, ಕೋಟೆ ಬಾಗಿಲು ಬಿಟ್ಟು ಎಲ್ಲಿ ಹೋದ್ರಿ? ಒಳಗೆ ನುಗ್ತಿದಾರೆ!" ಎಂದು ನೀವೆಲ್ಲ ಕೂಗುವಾಗ ನಾನು ಅವರ ಹಾಸಿಗೆ ಬಟ್ಟೆ ಬದಲಿಸುತ್ತಿದ್ದೆ. ಕೈ ತೊಳೆದು ಬರುವಷ್ಟರಲ್ಲಿ ಕೋಟೆ ಹೋಗಿತ್ತು. ನಿಮ್ಮ ಒಂದು ತಿಂಗಳ ಶ್ರಮ ನೀರುಪಾಲಾಯಿತು. ಕ್ಷಮಿಸಿ.

"ನನ್ನಿಂದ ಸೋತ್ರಾ?" ಎಂದು ಯಜಮಾನರು ಕೇಳಿದರು. ನಾನು ಸ್ಪೀಕರಿನ ಸದ್ದು ನಿಲ್ಲಿಸಿ, "ಇಲ್ಲಾರೀ, ಗೆದ್ವಿ" ಎಂದೆ. ಬಹಳ ದಿನದ ಮೇಲೆ ನಕ್ಕರು. ದಯವಿಟ್ಟು ಆ ಸೋಲಿನ ಮಾತು ಮತ್ತೆ ಎತ್ತಬೇಡಿ. ನನಗೆ ಕಿವಿ ಮಂದ, ಎಲ್ಲವೂ ಸ್ಪೀಕರಿನಲ್ಲೇ ಬರುತ್ತದೆ, ಅವರಿಗೂ ಕೇಳಿಸುತ್ತದೆ.

ನನ್ನನ್ನು ತಂಡದಿಂದ ತೆಗೆಯುವ ಮಾತು ನಡೆದಿದೆಯಂತೆ. ನ್ಯಾಯವೇ. ಆದರೂ, ನಡುವೆ ಎದ್ದು ಹೋದರೆ ಯಾರೂ ಸಾಯದಂಥ ಕೆಲಸವಿದ್ದರೆ ಕೊಡಿ. ಸೌದೆ ಹೊರುತ್ತೇನೆ, ಕುದುರೆಗಳಿಗೆ ಹುಲ್ಲು ಹಾಕುತ್ತೇನೆ. ದಿನಕ್ಕೊಂದು ಗಂಟೆ ನಿಮ್ಮೆಲ್ಲರ ಹರಟೆ ಕೇಳಿಸಿದರೆ ಸಾಕು.

ಗಾಯಾಳುಗಳ ಆರೈಕೆಗೆ ಮಾತ್ರ ಹಾಕಬೇಡಿ. ಆ ಕೆಲಸ ಮಾಡಿ ಮಾಡಿ ಸಾಕಾಗಿದೆ.

ಇಂತಿ,
ಇನ್ನೂ ತಂಡದವಳೆಂದುಕೊಂಡಿರುವ
ಬಾಗಿಲಜ್ಜಿ