ತಿರುಗಿಸಿದ್ದಾಳಾ ಕೇಳಿ

ಫೆಬ್ರವರಿ 3, ಮಂಗಳವಾರ

ಅಂಗಡಿಯಲ್ಲಿ ಮತ್ತೆ ಏಪ್ರನ್ ಡಿಸೈನ್. ಹೋಟೆಲಿನವರಿಗೆ ಕಂದೇ ಬೇಕು, ಆದರೆ "ಸ್ವಲ್ಪ ಬೇರೆ ಥರ ಕಂದು". ಬೆಳಗ್ಗೆಯಿಂದ ಕಂದಿನ ಎಲ್ಲ ಅವತಾರ ತೋರಿಸಿದೆ. ಕೊನೆಗೆ ಮೊದಲು ತೋರಿಸಿದ್ದನ್ನೇ ಒಪ್ಪಿದರು. ಅಷ್ಟು ಹೊತ್ತಿಗೆ ನನ್ನ ಮುಖವೂ ಕಂದಿತ್ತು.

ಊಟವಾದ ಮೇಲೆ ನನ್ನ ಫೋಲ್ಡರ್ ತೆರೆದೆ. ಅದಕ್ಕಿಟ್ಟ ಹೆಸರು "ಕಂದು, ಹಳೆಯವು". ಅಣ್ಣ ಈ ಜನ್ಮದಲ್ಲಿ ತೆರೆಯುವುದಿಲ್ಲ. ಒಳಗಿರುವುದು ಫುಟ್‌ಬಾಲ್ ಜರ್ಸಿಗಳು. ಒಂದೊಂದೂ ಒಂದೊಂದು ವಿಮಾನದ ಬಣ್ಣ ನೋಡಿ ಮಾಡಿದ್ದು. ಬಾಲದ ಚಿತ್ರ ತೋಳಿಗೆ, ಹೊಟ್ಟೆಯ ಬಣ್ಣ ಚಡ್ಡಿಗೆ, ಕಿಟಕಿಗಳ ಸಾಲು ಎದೆಗೆ. ಯಾರೂ ಕೇಳಿದ್ದಲ್ಲ. ವಿಮಾನ ಇಳಿಯುವ ದಾರಿ ನಮ್ಮ ಟೆರೇಸಿನ ಮೇಲೇ ಇದೆ. ಬಟ್ಟೆ ಒಣಹಾಕುತ್ತಾ ನೋಡಿದ್ದು. ಹತ್ತಿದ್ದಂತೂ ಇಲ್ಲ.

ಹಿಂದೆ ಯಾರೋ ನಿಂತ ಹಾಗಾಯಿತು. ಏರ್‌ಪೋರ್ಟ್ ಜಾಕೆಟ್ ಹಾಕಿದ ಹೆಂಗಸು.

"ಯಾವ ಟೀಮಿಂದು ಇದು?"

"ಯಾರದ್ದೂ ಅಲ್ಲ. ಸುಮ್ನೆ ಮಾಡಿದ್ದು."

"ಸುಮ್ನೆ ಮಾಡಿದ್ದೇ ಹೀಗಿದ್ರೆ, ಆರ್ಡರ್ ಕೊಟ್ರೆ ಹೇಗಿರುತ್ತೋ!"

ಏರ್‌ಪೋರ್ಟಿನಲ್ಲಿ ನೆಲದ ಮೇಲಿನ ಕೆಲಸ ಮಾಡುವ ಹೆಂಗಸರ ಫುಟ್‌ಬಾಲ್ ಟೀಮಿಗೆ ಕ್ಯಾಪ್ಟನ್ ಅಂತೆ. ಟ್ರ್ಯಾಕ್ಟರಿನಲ್ಲಿ ವಿಮಾನವನ್ನು ಹಿಂದಕ್ಕೆ ತಳ್ಳುವ ಕೆಲಸ. ಟೀಮಿನ ಹೆಸರು "ನೆಲದವರು". ಬರೀ ಹಳದಿ ಜರ್ಸಿ ಆರ್ಡರ್ ಕೊಡಲು ಬಂದಿದ್ದರು. "ಹಳದಿ ಬೇಡ ಮೇಡಂ. ನಮಗೊಂದು ವಿಮಾನಾನೇ ಮಾಡ್ಕೊಡಿ."

ಯಾರೋ ನನ್ನನ್ನು ಮೇಡಂ ಅಂದರು. ಈ ಅಂಗಡಿಯಲ್ಲಿ ಇದೇ ಮೊದಲು.

ಫೆಬ್ರವರಿ 4, ಬುಧವಾರ

ಅಣ್ಣ ಡಿಸೈನ್ ನೋಡಿದ. ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ.

"ನೋಡು, ಇದು ಸರಿ ಹೋದ್ರೆ ಸ್ಪೋರ್ಟ್ಸ್ ಆರ್ಡರ್ ಎಲ್ಲಾ ನಿಂಗೆ. ಎಡವಟ್ಟಾಯ್ತೋ, ಏಪ್ರನ್ ಬಿಟ್ಟು ತಲೆ ಎತ್ತಬಾರ್ದು."

ಅಂಗಡಿ ಅವನದು. ಅಣ್ಣನಾದರೂ ಮಾಲೀಕ. ನಾನು ಕಂಪ್ಯೂಟರು, ನಮ್ಮ ಯಜಮಾನರು ಪ್ರಿಂಟು ಮತ್ತು ಪ್ರೆಸ್ಸು, ಓವರ್‌ಲಾಕ್ ಮಿಷನ್ನಿನ ಅಕ್ಕ ಹೊಲಿಗೆ. ಮನೆಯಲ್ಲಿ ಮುಗಿಯದ ಮಾತು ಇಲ್ಲಿ, ಇಲ್ಲಿ ಮುಗಿಯದ್ದು ಮನೆಯಲ್ಲಿ.

ಇವತ್ತೂ ಇವರು ಪ್ರೆಸ್ಸಿನ ಕಡೆಯಿಂದ ಗಂಟಲು ಹರಿದುಕೊಂಡರು: "ತಿರುಗಿಸಿದ್ದೀಯಾ?" ಮೊದಲು ಕಾಗದಕ್ಕೆ ಪ್ರಿಂಟು, ಆಮೇಲೆ ಬಿಸಿ ಪ್ರೆಸ್ಸಿನಲ್ಲಿ ಬಟ್ಟೆಗೆ ಒತ್ತುವುದು. ಕಾಗದದ ಮೇಲೆ ಅಕ್ಷರ ಉಲ್ಟಾ ಇದ್ದರೇ ಬಟ್ಟೆಯ ಮೇಲೆ ನೆಟ್ಟಗೆ ಬರುವುದು, ರಬ್ಬರ್ ಸ್ಟಾಂಪಿನ ಹಾಗೆ. ಒಮ್ಮೊಮ್ಮೆ ನಾನು ತಿರುಗಿಸುತ್ತೇನೆ, ಒಮ್ಮೊಮ್ಮೆ ಅವರು. ಅದಕ್ಕೇ ಈ ಕೂಗಾಟ. ಏಪ್ರನ್ನಿಗೆ ನಾನೇ ತಿರುಗಿಸಿದ್ದೆ. "ಹೂಂ" ಎಂದು ಕೂಗಿದೆ.

ಫೆಬ್ರವರಿ 6, ಶುಕ್ರವಾರ

ಕ್ಯಾಪ್ಟನ್ ಗೋಲ್‌ಕೀಪರನ್ನು ಕರೆತಂದಿದ್ದರು. ಲಗೇಜ್ ಬೆಲ್ಟಿನ ಕೆಲಸದವಳು. ನಮ್ಮ ಬಾಗಿಲಿಗೆ ಬಗ್ಗಿಯೇ ಬರಬೇಕಾಯಿತು. ಟೀಮಿನಲ್ಲಿ ಎಲ್ಲರೂ ಗೋಲಿ ಎನ್ನುತ್ತಾರಂತೆ.

ಡಿಸೈನ್ ತೋರಿಸಿದೆ. ಮೇಲೆ ಬಿಳಿ, ಕೆಳಗೆ ಕಡುನೀಲಿ, ತೋಳಿನ ಮೇಲೆ ಕಿತ್ತಳೆ ಬಾಲ. ಎದೆಯ ಮೇಲೆ ಕಿಟಕಿಗಳ ಸಾಲು, ಅದರ ಮೇಲೆ ದೊಡ್ಡದಾಗಿ ಹೆಸರು. ವಿಮಾನದ ರೆಕ್ಕೆಯ ಮೇಲೆ "ಇಲ್ಲಿ ಕಾಲಿಡಬೇಡಿ" ಎಂದು ಬರೆದಿರುತ್ತದಲ್ಲ, ಅದನ್ನು ಮೊಣಕಾಲ ಕೆಳಗೆ ಕಟ್ಟುವ ಪಟ್ಟಿಯ ಮೇಲೆ ಹಾಕಿದೆ. ಕ್ಯಾಪ್ಟನ್ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು.

ಗೋಲಿ ನಗಲಿಲ್ಲ. ಅವಳ ಬೆನ್ನಿಗೆ "ತುರ್ತು ದ್ವಾರ" ಎಂದು ಬರೆದಿದ್ದೆ.

"ಅಂದ್ರೆ ಬಾಲೆಲ್ಲ ನನ್ನ ದಾಟ್ಕೊಂಡೇ ಹೋಗುತ್ತೆ ಅಂತಾನಾ?"

ಅಳಿಸಿದೆ. ಅಷ್ಟು ಎತ್ತರದವರ ಜೊತೆ ವಾದ ಬೇಡ.

ಫೆಬ್ರವರಿ 7, ಶನಿವಾರ

ಖುಷಿಯಿಂದ ಇವರಿಗೆ ತೋರಿಸಿದೆ. ತಟ್ಟೆಯಿಂದ ತಲೆ ಎತ್ತಿ ನೋಡಿದರು. "ಹೂಂ... ಬಸ್ಸಿಗೆ ಪೇಂಟ್ ಹೊಡೆದ ಹಾಗಿದೆ."

ಬಸ್ಸು! ಎಷ್ಟು ದಿನದ ಕೆಲಸ ಅದು!

ನಾನೂ ಬಿಡಲಿಲ್ಲ. "ನಿಮ್ಮ ಪ್ರೆಸ್ಸಿಂದ ಬರೋ ಬಟ್ಟೆಗಿಂತ ಹಾಸಿಗೆ ಕೆಳಗಿಟ್ಟ ಬಟ್ಟೆ ನೆಟ್ಟಗಿರುತ್ತೆ" ಅಂದೆ. ಸ್ವಲ್ಪ ಜಾಸ್ತಿಯಾಯಿತು. ಇವರ ಕೈಯ ಕೆಲಸಕ್ಕೆ ಯಾರೂ ಹೀಗೆ ಹೇಳಿದ್ದಿಲ್ಲ. ಎದ್ದು ಕೈ ತೊಳೆದುಕೊಂಡರು. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಇತ್ತು.

ಹೋಗಲಿ. ಹಸಿವಾದರೆ ತಾವೇ ಮಾತಾಡುತ್ತಾರೆ.

ಫೆಬ್ರವರಿ 11, ಬುಧವಾರ

ಮಾತಾಡಿಲ್ಲ. ಹಸಿವಾದರೆ ತಾವೇ ಬಡಿಸಿಕೊಳ್ಳುತ್ತಾರೆ — ಈ ವಿದ್ಯೆ ಇಷ್ಟು ವರ್ಷ ಎಲ್ಲಿಟ್ಟಿದ್ದರೋ.

ಅಂಗಡಿಯಲ್ಲಿ ಓವರ್‌ಲಾಕ್ ಅಕ್ಕನೇ ಅಂಚೆ. "ಅಕ್ಕಾ, ನೀಲಿ ಇಂಕು ಮುಗೀತು ಅಂತ ಹೇಳು." "ಅಕ್ಕಾ, ನನ್ನ ಕಣ್ಣಿಗೂ ಕಾಣುತ್ತೆ ಅಂತ ಹೇಳು." ಪಾಪ, ನಡುವೆ ಹತ್ತೇ ಹೆಜ್ಜೆ. ಅವಳು ಮಾತ್ರ ಬೆಳಗ್ಗೆಯಿಂದ ಓಡಾಡಿ ಏದುಸಿರು ಬಿಡುತ್ತಿದ್ದಾಳೆ. "ಮೊಣಕಾಲು ಹೋಯ್ತು ಕಣಮ್ಮಾ. ನೀವಿಬ್ರೂ ರಾಜಿ ಆಗಿ, ಇಲ್ಲಾ ನಂಗೊಂದು ಸೈಕಲ್ ಕೊಡ್ಸಿ."

ನನ್ನ ಟೇಬಲ್ ಪ್ರೆಸ್ಸಿಗೆ ನೇರ ಎದುರು. ಇವರು ಕುರ್ಚಿ ತಿರುಗಿಸಿ ಗೋಡೆ ನೋಡಿಕೊಂಡು ಕೂತಿದ್ದಾರೆ. ಗೋಡೆಯ ಮೇಲೆ ಏನೂ ಇಲ್ಲ.

ಫೆಬ್ರವರಿ 17, ಮಂಗಳವಾರ

ಫೈಲ್ ಕಳಿಸಿದೆ. ಭಾನುವಾರ ಏರ್‌ಪೋರ್ಟ್ ಟೀಮುಗಳ ಫೈನಲ್ ಮ್ಯಾಚು. ಈ ಕೋಪದಲ್ಲಿ ಇವರು ಮರೆತರೆ ಏನು ಗತಿ ಎಂದು, ಎಲ್ಲ ಹಾಳೆಯನ್ನೂ ನಾನೇ ತಿರುಗಿಸಿ ಕಳಿಸಿದ್ದೇನೆ. ನನ್ನ ಚಿತ್ರ ಮೊದಲ ಸಲ ಬಟ್ಟೆಯಾಗುತ್ತಿದೆ.

ಮಧ್ಯಾಹ್ನ ಅಕ್ಕ ಬಂದಳು. ನನ್ನ ಮುಖವನ್ನು ಒಂದು ಥರ ಕನಿಕರದಿಂದ ನೋಡಿದಳು. "ಅವರು ಕೇಳ್ತಿದ್ದಾರೆ ಕಣಮ್ಮಾ... ತಿರುಗಿಸಿದ್ದಾಳಾ ಕೇಳಿ ಅಂತ."

ಇಷ್ಟು ದಿನ ಆದ ಮೇಲೆ ಈಗ ಕೇಳುತ್ತಿದ್ದಾರೆ, ನಾನು ಮುಖ ತಿರುಗಿಸಿಕೊಂಡಿದ್ದೇನಾ ಅಂತ! ಗೋಡೆ ನೋಡಿಕೊಂಡು ಕೂತವರು ಅವರು, ಕೇಳುವುದು ನನ್ನನ್ನು! ಮೈಯೆಲ್ಲ ಉರಿಯಿತು.

"ನಾನೇನೂ ತಿರುಗಿಸಿಲ್ಲ ಅಂತ ಹೇಳು. ತಿರುಗಿಸೋ ಅಭ್ಯಾಸ ಇರೋದು ಅವರಿಗೆ."

ಅಕ್ಕ ಹೋಗಿ ಹೇಳಿದಳು. ಇವರು ತಲೆಯಾಡಿಸಿದರು. ಅಷ್ಟೇ! ನೆಟ್ಟಗೆ ಹೋಗಿ ಪ್ರಿಂಟರ್ ಮುಂದೆ ಕೂತರು. ರಾಜಿಗೆ ಬರುತ್ತಾರೆಂದು ಒಳಗೊಳಗೇ ಸ್ವಲ್ಪ ಆಸೆ ಪಟ್ಟಿದ್ದೆ, ಸುಳ್ಳು ಯಾಕೆ ಬರೆಯಲಿ.

ಫೆಬ್ರವರಿ 20, ಶುಕ್ರವಾರ. ಬೆಳಗ್ಗೆ 11

ಸರ್ವನಾಶ.

ಕ್ಯಾಪ್ಟನ್, ಗೋಲಿ, ಅಣ್ಣ ಎಲ್ಲರ ಎದುರೇ ಬಂಡಲ್ ಬಿಚ್ಚಿದೆ. ನಾನೇ ಬಿಚ್ಚುತ್ತೇನೆ ಎಂದು ಹಟ ಹಿಡಿದಿದ್ದೆ ಬೇರೆ. ಬಣ್ಣ ಎಷ್ಟು ಚೆನ್ನಾಗಿ ಕೂತಿತ್ತು! ಬಿಳಿ ಬಿಳಿಯಾಗಿ, ಕಿತ್ತಳೆ ಬೆಂಕಿಯ ಹಾಗೆ. ಕಿಟಕಿಗಳು ಒಂದೇ ಸಾಲಿನಲ್ಲಿ. ಹೆಸರು ಮಾತ್ರ...

ಅಣ್ಣ ಕನ್ನಡಕ ಹಾಕಿದ, ತೆಗೆದ. "ಇದು ಯಾವ ದೇಶದ ಭಾಷೆ?"

ಗೋಲಿ ಬಗ್ಗಿ, ಬೆರಳಿಟ್ಟು ಓದಿದಳು. "ರು... ವ... ದ... ಲ... ನೆ."

ಎಲ್ಲವೂ ಉಲ್ಟಾ. ಹೆಸರು, ನಂಬರು, ಕಾಲಿನ ಪಟ್ಟಿ. ಮಾಡಿದ ಅಷ್ಟೂ ಜರ್ಸಿ. ಗೋದಾಮಿಗೆ ಹೋಗಿ ಬಟ್ಟೆಯ ರೋಲುಗಳ ಹಿಂದೆ ಕೂತು ಅತ್ತೆ. ಮೂಗು ಒರೆಸಲು ಕೈಗೆ ಸಿಕ್ಕಿದ್ದು ಏಪ್ರನ್. ಕಂದು.

ಅದೇ ದಿನ. ಸಂಜೆ 6

ಹೊಸದಾಗಿ ಮಾಡಲು ಜರ್ಸಿ ಬಟ್ಟೆಯಿಲ್ಲ. ಬರಬೇಕೆಂದರೆ ಮುಂದಿನ ವಾರ.

ಕ್ಯಾಪ್ಟನ್ ಹೆದರಲಿಲ್ಲ. ಒಂದು ಜರ್ಸಿ ಹಾಕಿಕೊಂಡೇ ನಿಂತಿದ್ದರು. "ವಿಮಾನಾನ ಹಿಂದಕ್ಕೆ ತಳ್ಳೋರು ನಾವು. ಹೆಸರು ಹಿಂದುಮುಂದಾದ್ರೆ ಏನೀಗ? ಬಣ್ಣ ನೋಡಿ ಮೇಡಂ, ಬಣ್ಣ! ಇದನ್ನ ಬಿಟ್ಟು ಬರೀ ಹಳದಿ ಹಾಕ್ಕೊಳ್ಳೋಕೆ ನಂಗೇನು ಹುಚ್ಚಾ? ನಂಬರ್ ಮಾತ್ರ ನೆಟ್ಟಗೆ ಮಾಡ್ಕೊಡಿ, ಇಲ್ದಿದ್ರೆ ರೆಫರಿ ಒಳಗೆ ಬಿಡಲ್ಲ."

ಕಪ್ಪು ಬಟ್ಟೆಯ ಚೂರುಗಳಲ್ಲಿ ನಂಬರ್ ಕತ್ತರಿಸಿ ಬೆನ್ನಿಗೆ ಹೊಲಿಯಬೇಕು. ನಾನು ಗೆರೆ ಹಾಕಬೇಕು, ಇವರು ಕತ್ತರಿಸಬೇಕು. ಒಂದೇ ಮೇಜು.

"ಕತ್ತರಿ."

"ಬಾಯಿ ಬಿಟ್ಟು ಕೊಡು ಅನ್ನಿ."

"ಕತ್ತರಿ ಕೊಡು ತಾಯಿ."

ಕೊಟ್ಟೆ. ಇವರು ಒಂದು ನಂಬರ್ ಕತ್ತರಿಸಿ ಬದಿಗಿಟ್ಟರು.

"ಫೈಲ್ ತಿರುಗಿಸಿಲ್ಲ ಅಂತ ನೀನೇ ಹೇಳಿ ಕಳಿಸಿದ್ದೆಯಲ್ಲೇ?"

"ನಾನೆಲ್ಲಿ ಹೇಳ್ದೆ? ಮುಖ ತಿರುಗಿಸಿಲ್ಲ ಅಂದಿದ್ದು ನಾನು!"

"ನಿನ್ನ ಮುಖದ ವಿಷಯ ಯಾರು ಕೇಳಿದ್ರು? ನಾನು ಫೈಲ್ ಕೇಳಿದ್ದು!"

ಇಬ್ಬರೂ ಅಕ್ಕನ ಕಡೆ ನೋಡಿದೆವು. ಅಕ್ಕ ಖಾಲಿ ಮಿಷನ್ನನ್ನೇ ಜೋರಾಗಿ ಓಡಿಸತೊಡಗಿದಳು.

"ಒತ್ತೋವಾಗ್ಲಾದ್ರೂ ಕಣ್ಣಿಗೆ ಕಾಣ್ಲಿಲ್ವಾ ರೀ? ಕಾಗದದ ಮೇಲೆ ಅಕ್ಷರ ನೆಟ್ಟಗಿತ್ತಲ್ಲ!"

ಇವರು ನೆಲ ನೋಡಿದರು. "ಗೋಡೆ ಕಡೆ ಮುಖ ಮಾಡ್ಕೊಂಡು ಒತ್ತಿದ್ದು."

ಅಕ್ಕನಿಗೂ ಗೊತ್ತಾಗಲಿಲ್ಲ. ಅವಳು ಹೊಲಿಯುವುದು ಒಳಮೈ ಹೊರಗೆ ಮಾಡಿ; ಅವಳು ನೋಡುವ ಲೋಕವೇ ಉಲ್ಟಾ. ನಗು ಬಂತು. ಮೊದಲು ಯಾರು ನಕ್ಕಿದ್ದೋ ಗೊತ್ತಿಲ್ಲ. ನಾನಲ್ಲ ಎಂದೇ ನನ್ನ ವಾದ.

ಫೆಬ್ರವರಿ 22, ಭಾನುವಾರ

ಗಂಟಲು ಕೂತಿದೆ. ಬರೆಯುವುದಕ್ಕೆ ಗಂಟಲು ಬೇಡವಲ್ಲ.

ಎದುರಾಳಿ ಏರ್‌ಪೋರ್ಟಿನ ಸೆಕ್ಯುರಿಟಿ ಟೀಮು. ಸಿಕ್ಕಿದ್ದನ್ನೆಲ್ಲ ನಿಲ್ಲಿಸಿ ತಪಾಸಣೆ ಮಾಡುವ ಜನ. ನಮ್ಮವರು ಮೈದಾನಕ್ಕಿಳಿದ ಕೂಡಲೇ ಎದೆ ಓದಲು ಶುರು ಮಾಡಿದರು. ಒಬ್ಬಳು ಡಿಫೆಂಡರ್ ತಲೆ ವಾರೆ ಮಾಡಿಕೊಂಡು "ರುವ..." ಎನ್ನುವಷ್ಟರಲ್ಲಿ ಕ್ಯಾಪ್ಟನ್ ಬಾಲು ತೆಗೆದುಕೊಂಡು ಅವಳ ಪಕ್ಕದಲ್ಲೇ ಹೋಗಿ ಗೋಲು ಹೊಡೆದರು. ಜನರಿಗೆ ಹುಚ್ಚು ಹಿಡಿಯಿತು. ಆಮೇಲೆ ಮೈದಾನವೆಲ್ಲ ಒಂದೇ ಕೂಗು: "ರುವದಲನೆ! ರುವದಲನೆ!"

ಕಾಲಿನ ಪಟ್ಟಿಯೂ ಉಲ್ಟಾ ತಾನೇ. "ಕಾಲಿಡಬೇಡಿ" ಅಂತ ಯಾರಿಗೂ ಓದಲಾಗಲಿಲ್ಲ, ಎಲ್ಲರೂ ಕಾಲಿಟ್ಟರು. ಕುಂಟದೆ ಆಚೆ ಬಂದವಳು ಗೋಲಿ ಒಬ್ಬಳೇ. ಕೊನೆಗೆ ಗೋಲು ಎರಡು ಎರಡು. ಟ್ರೋಫಿ ಇಬ್ಬರಿಗೂ ಅಂತೆ, ಆರಾರು ತಿಂಗಳು.

ಇದೆಲ್ಲ ಇರಲಿ. ಮುಖ್ಯ ಮಾತು ಬೇರೆ. ಸ್ಕ್ರೀನಿನ ಮೇಲೆ ನನ್ನ ಜರ್ಸಿಗಳು ಯಾವತ್ತೂ ಅಲ್ಲಾಡಿದ್ದಿಲ್ಲ. ಇವತ್ತು ಓಡಿದವು. ಬೆವರಿದವು. ಕಿತ್ತಳೆ ಬಾಲದ ತೋಳುಗಳೆಲ್ಲ ಒಟ್ಟಿಗೆ ಬಲಕ್ಕೆ ತಿರುಗಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಇವರು ಶರ್ಟಿನ ತೋಳು ಮಡಚಿ ಕಿರುಚುತ್ತಿದ್ದರು. ನನ್ನ ಕಡೆ ತಿರುಗಿ ಅಂದರು: "ಬಸ್ಸು ಅಂದಿದ್ದು ತಪ್ಪಾಯ್ತು ಕಣೇ." ಆ ಗದ್ದಲದಲ್ಲಿ ಕೇಳಿಸಲಿಲ್ಲ ಎಂದು ಇನ್ನೊಮ್ಮೆ ಹೇಳಿಸಿದೆ. ಕೇಳಿಸಿತ್ತು.

ಫೆಬ್ರವರಿ 23, ಸೋಮವಾರ

ಅಣ್ಣ ಇಬ್ಬರನ್ನೂ ಕರೆದ. ಬಾಗಿಲು ಹಾಕಿದ. ಅಂದರೆ ಅವನು ಈಗ ಅಣ್ಣನಲ್ಲ, ಮಾಲೀಕ.

"ಯಾರು ತಿರುಗಿಸಿದ್ದು?"

"ನಾನು" ಅಂದರು ಇವರು, ಥಟ್ಟನೆ. "ಇವಳದ್ದೇನೂ ತಪ್ಪಿಲ್ಲ. ಡಿಸೈನ್ ಸರಿಯಾಗೇ ಇತ್ತು."

ಸುಮ್ಮನಿದ್ದರೆ ಆಯಿತು. ಸ್ಪೋರ್ಟ್ಸ್ ಆರ್ಡರ್ ನನ್ನದು. ಇವರಿಗೆ ನಾಲ್ಕು ಬೈಗುಳ, ಅಷ್ಟೇ. ಇವರು ನನ್ನ ಕಡೆ ನೋಡಬೇಡ ಎನ್ನುವ ಹಾಗೆ ಕಿಟಕಿ ನೋಡುತ್ತಿದ್ದರು. ಕುತ್ತಿಗೆಯ ಹಿಂದೆ ಬೆವರು. ಏಪ್ರನ್ನಿನ ರಾಶಿ ಕಣ್ಣ ಮುಂದೆ ಬಂತು. ಆದರೂ ಬಾಯಿ ನನ್ನ ಮಾತು ಕೇಳಲಿಲ್ಲ.

"ನಾನೂ ತಿರುಗಿಸಿದ್ದೆ" ಅಂದೆ.

ಅಣ್ಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಅದು ನಂಗೊತ್ತಿಲ್ವಾ? ಒಬ್ಬರೇ ತಿರುಗಿಸಿದ್ರೆ ಸರಿಯಾಗೇ ಬರ್ತಿತ್ತಲ್ರೋ! ಇಬ್ರೂ ತಿರುಗಿಸಿದ್ದಕ್ಕೇ ತಾನೇ ಹೀಗಾಗಿದ್ದು? ಫೈಲೂ ಅಷ್ಟೇ, ಮುಖಾನೂ ಅಷ್ಟೇ."

ನಾವಿಬ್ಬರೂ ಶಾಲೆಯ ಮಕ್ಕಳ ಹಾಗೆ ನಿಂತಿದ್ದೆವು.

"ಸ್ಪೋರ್ಟ್ಸ್ ಆರ್ಡರ್ ನಿಂಗೊಬ್ಬಳಿಗೆ ಕೊಡಲ್ಲ. ಇಬ್ರಿಗೂ ಸೇರಿಸಿ ಕೊಡ್ತೀನಿ. ನಿನ್ನ ಟೇಬಲ್ ಇವತ್ತೇ ಪ್ರೆಸ್ ಪಕ್ಕಕ್ಕೆ ಹೋಗ್ಲಿ. ಭಾವ, ನೀವು ಆ ಗೋಡೆ ನೋಡೋದು ಬಿಡಿ. ಮತ್ತೆ... ಏಪ್ರನ್ನೂ ನೀವೇ ಮಾಡ್ಬೇಕು, ಅದಕ್ಕೆ ಬೇರೆ ಯಾರಿದ್ದಾರೆ?"

ಹೊರಗೆ ಬಂದೆವು. ಅಕ್ಕ ಬಾಗಿಲಿಗೇ ಕಿವಿ ಇಟ್ಟಿದ್ದಳು. "ಇನ್ನು ನಂಗೆ ಓಡಾಟ ಇಲ್ಲ ತಾನೇ?"

ಫೆಬ್ರವರಿ 26, ಗುರುವಾರ. ಮಧ್ಯಾಹ್ನ

ಹೊಸ ಜಾಗ. ಪ್ರೆಸ್ಸಿನ ಶಾಖಕ್ಕೆ ಬೇಯುತ್ತಿದ್ದೇನೆ. ಸೆಕ್ಯುರಿಟಿ ಟೀಮಿನವರು ಬಂದಿದ್ದರು. ಅವರಿಗೂ ವಿಮಾನದ ಜರ್ಸಿ ಬೇಕು, ಅಕ್ಷರವೂ ಉಲ್ಟಾ ಬೇಕಂತೆ. ಎದುರಿನವರು ಓದುತ್ತಾ ನಿಲ್ಲಲಿ ಎಂದು. ಬೇಕೆಂದೇ ಉಲ್ಟಾ ಮಾಡಲು ಎಷ್ಟು ಸಲ ತಿರುಗಿಸಬೇಕು ಎಂದು ನಾವಿಬ್ಬರೂ ಬೆರಳು ಎಣಿಸುತ್ತಾ ಅರ್ಧ ದಿನ ಕಳೆದೆವು. ಇನ್ನೂ ಒಮ್ಮತ ಬಂದಿಲ್ಲ.

ಇವರು ಎದುರು ಕೂತು ಡಬ್ಬಿ ಬಿಚ್ಚುತ್ತಿದ್ದಾರೆ. "ದಿನಾ ಏನು ಬರೀತೀಯಾ ಅದರಲ್ಲಿ?" ಅಂದರು. ಏನಿಲ್ಲ, ಆ ದಿನ ಆಗಿದ್ದು ಅಂದೆ. "ಅದನ್ನ ನಂಗೇ ಹೇಳ್ಬಾರ್ದಾ?"

ಹೌದಲ್ಲ. ಇವತ್ತು ಬೆಳಗ್ಗೆ ಟೆರೇಸಿನಲ್ಲಿ ಒಂದು ಹೊಸ ಬಣ್ಣದ ವಿಮಾನ ನೋಡಿದೆ, ಬಾಲದ ಮೇಲೆ ಹಸಿರು... ಇರಲಿ, ಉಳಿದದ್ದು ಇವರಿಗೇ.